ಡೀಸೆಲ್ ಕಾರಿಗೆ ಪಥ್ಯವೇನು?

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಹಾದಿಯಲ್ಲಿ ಕಾಮಗೆರೆ ಎಂಬ ಊರಿದೆ. ಈ ಹಾದಿ ಹಿಡಿದು ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟವರು ಹನೂರು, ಕೌದಳ್ಳಿಗಳನ್ನು ಹಾದು ತಾಳಬೆಟ್ಟದ ಬಳಿ ಘಟ್ಟವನ್ನೇರಬೇಕು. ಯಾತ್ರಿಕರನ್ನು ಬೆಟ್ಟಕ್ಕೆ ಕರೆದೊಯ್ದು ಜೀವನ ಸಾಗಿಸುವ ಬಾಡಿಗೆ ಕಾರಿನವನೊಬ್ಬನನ್ನು ಊಹಿಸಿಕೊಳ್ಳೋಣ. ಹಳೆಯ ಕಾರನ್ನು ಮಾರಿ, ಸಾಲ ಮಾಡಿ, ಹೊಸ ಡೀಸೆಲ್ ಕಾರೊಂದನ್ನು ಅವನು ಕೊಂಡಿದ್ದಾನೆ. ಅವನಿಗೆ ಸಲಹೆ ಕೊಡುವವರಿಗೆ ಕೊರತೆಯಿಲ್ಲ. ಟ್ಯಾಂಕಿಗೆ ಸ್ವಲ್ಪ ಟೂ-ಸ್ಟ್ರೋಕ್ ಆಯಿಲ್ ಸುರಿಯೆಂದು ಒಬ್ಬರು, ಸೀಮೆಎಣ್ಣೆ ಬೆರೆಸಿದರೆ ಖರ್ಚು ಇಳಿಯುವುದೆಂದು ಇನ್ನೊಬ್ಬರು, ಅಂಗಡಿಯಲ್ಲಿ ಸಿಗುವ ಸೀಸೆಯ ಔಷಧ ಹಾಕೆಂದು ಮತ್ತೊಬ್ಬರು ಹೇಳುತ್ತಾರೆ. ಇವರಲ್ಲಿ ಯಾರ ಮಾತನ್ನು ಕೇಳಬೇಕು? ತಪ್ಪು ಮಾತನ್ನು ಕೇಳಿದರೆ ತಿಂಗಳುಗಳ ದುಡಿಮೆ ದುರಸ್ತಿಗೆ ಹೋದೀತು. ಆದ್ದರಿಂದ ಈ ಪ್ರಶ್ನೆಯನ್ನು ನಾವು ಬುಡದಿಂದಲೇ ಪರಿಶೀಲಿಸೋಣ.

ಕಿಡಿಯಿಲ್ಲದೆ ಹೊತ್ತುವ ಬೆಂಕಿ

ಪೆಟ್ರೋಲ್ ಎಂಜಿನ್ನಿನಲ್ಲಿ ವಿದ್ಯುತ್ ಕಿಡಿಯಿಂದ ಬೆಂಕಿ ಹೊತ್ತುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಾಗಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದೇ ರೀತಿ ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು ಹದಿನಾರನೆಯ ಒಂದು ಪಾಲಿಗೆ ಅದುಮಿದಾಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಆ ಗಾಳಿಗೆ ಚಿಮ್ಮಿದ ಡೀಸೆಲ್ ತಾನಾಗಿಯೇ ಉರಿಯುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು ಈ ತತ್ತ್ವದ ಯಂತ್ರವನ್ನು 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದನು.

ತತ್ತ್ವ ಇಂದಿಗೂ ಅದೇ. ಆದರೆ ಇಂಧನವನ್ನು ಚಿಮ್ಮಿಸುವ ಬಗೆ ಬದಲಾಗಿದೆ. ಇಂದಿನ ಕಾರುಗಳಲ್ಲಿ ಡೀಸೆಲನ್ನು ವಾಯುಮಂಡಲದ ಒತ್ತಡಕ್ಕಿಂತ ಸಾವಿರದ ಆರುನೂರು, ಎರಡು ಸಾವಿರ ಪಟ್ಟು ಹೆಚ್ಚಿನ ಒತ್ತಡಕ್ಕೇರಿಸಿ, ಇಂಜೆಕ್ಟರಿನ ಅತಿ ಸಣ್ಣ ರಂಧ್ರಗಳಿಂದ ಮಂಜಿನಂತೆ ಸಿಂಪಡಿಸಲಾಗುತ್ತದೆ. ಅದರೊಳಗೆ ಚಲಿಸುವ ಭಾಗಗಳ ನಡುವಣ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು ಮಾತ್ರ. ಇಂತಹ ಯಂತ್ರಕ್ಕೆ ಕಣ್ಣಿಗೆ ಕಾಣದ ಧೂಳೂ ಕಲ್ಲಿನಂತೆ. ಒಂದು ಹನಿ ನೀರೂ ತುಕ್ಕಿಗೆ ಮೂಲ.

ಡೀಸೆಲಿನ ಗುಣಗಳು

ಒಳ್ಳೆಯ ಡೀಸೆಲಿನ ಮೊದಲ ಗುಣ ಬೇಗ ಹೊತ್ತಿಕೊಳ್ಳುವುದು. ಇದನ್ನು ಸೀಟೇನ್ ಸಂಖ್ಯೆಯಿಂದ ಅಳೆಯುತ್ತಾರೆ. ನಮ್ಮ ದೇಶದ ಈಗಿನ ಡೀಸೆಲಿನಲ್ಲಿ ಇದು ಕನಿಷ್ಠ 51 ಇರಬೇಕು. ಎರಡನೆಯ ಗುಣ ಗಂಧಕ ಕಡಿಮೆಯಿರುವುದು. 2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದಾಗ, ಹತ್ತು ಲಕ್ಷ ಭಾಗ ಡೀಸೆಲಿನಲ್ಲಿ 50 ಭಾಗದವರೆಗೆ ಇರಬಹುದಾಗಿದ್ದ ಗಂಧಕದ ಮಿತಿ 10 ಭಾಗಕ್ಕೆ ಇಳಿಯಿತು.

ಇಲ್ಲೊಂದು ತೊಡಕಿದೆ. ಪಂಪು ಮತ್ತು ಇಂಜೆಕ್ಟರುಗಳಿಗೆ ಡೀಸೆಲೇ ಕೀಲೆಣ್ಣೆ. ಗಂಧಕವನ್ನು ತೆಗೆಯುವ ಸಂಸ್ಕರಣದಲ್ಲಿ ಸವೆತವನ್ನು ತಡೆಯುವ ಕೆಲವು ಸಹಜ ದ್ರವ್ಯಗಳೂ ಹೋಗಿಬಿಡುತ್ತವೆ. ಆದ್ದರಿಂದಲೇ ಆ ಗುಣವನ್ನು ಮತ್ತೆ ಕೊಡುವ ದ್ರವ್ಯವನ್ನು ಅಳತೆಯರಿತು ಸೇರಿಸಿ ಡೀಸೆಲನ್ನು ಮಾರಾಟಕ್ಕೆ ಕಳುಹಿಸುತ್ತಾರೆ. ನಮ್ಮ ಬಾಡಿಗೆ ಕಾರಿನವನು ಸುರಿಯಬೇಕೆಂದಿದ್ದ ಟೂ-ಸ್ಟ್ರೋಕ್ ಆಯಿಲಿನ ಕೆಲಸ ಅವನು ಬಂಕಿಗೆ ಬರುವ ಮೊದಲೇ ಮುಗಿದಿದೆ! ಸೀಮೆಎಣ್ಣೆಯಾದರೋ ತೆಳುವಾದುದು, ಅದನ್ನು ಬೆರೆಸಿದರೆ ಕೀಲೆಣ್ಣೆಯ ಗುಣ ಕುಂದಿ ಪಂಪು ಸವೆಯುತ್ತದೆ. ಉಳಿದ ಪುಡಿಗಾಸು ಹೀಗೆ ಹತ್ತು ಪಟ್ಟಾಗಿ ಹೊರಟುಹೋಗುತ್ತದೆ.

ಹೊಗೆ ಹೋಗುವ ದಾರಿ

ಹೊಸ ಕಾರಿನ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಜಾಲರಿಯಂತಹ ಶೋಧಕವೊಂದಿದೆ. ಅದು ತುಂಬುತ್ತ ಬಂದಾಗ ಹೊಗೆಯ ಉಷ್ಣತೆಯನ್ನು ಸುಮಾರು 600 ಡಿಗ್ರಿಗೆ ಏರಿಸಿ ಮಸಿಯನ್ನು ಸುಡಲಾಗುತ್ತದೆ. ಮಸಿ ಸುಟ್ಟು ಅನಿಲವಾಗಿ ಹೋಗುತ್ತದೆ. ಆದರೆ ಲೋಹಾಂಶದ ಬೂದಿ ಸುಡುವುದಿಲ್ಲ, ಅಲ್ಲಿಯೇ ಉಳಿಯುತ್ತದೆ. ಈ ಕಾರಣದಿಂದ ಲೋಹವಿರುವ ಸೇರ್ಪಡೆಗಳು ವರ್ಜ್ಯ. ಎಂಜಿನ್ ಆಯಿಲ್ ಕೂಡ ಬೂದಿ ಕಡಿಮೆಯಿರುವ, ಕಾರಿನ ಕೈಪಿಡಿಯಲ್ಲಿ ಹೇಳಿದ ದರ್ಜೆಯದೇ ಆಗಿರಬೇಕು. ಊರೊಳಗಿನ ಅಡ್ಡಾಟದಲ್ಲಿ ಶೋಧಕ ಸಾಕಷ್ಟು ಕಾಯುವುದಿಲ್ಲ. ಆಗಾಗ ಒಂದೇ ಸಮನೆ ದೂರ ಓಡಿಸುವುದು ಅದಕ್ಕೆ ಒಳ್ಳೆಯ ಮದ್ದು. ಬೆಟ್ಟದ ಪ್ರಯಾಣ ಈ ಲೆಕ್ಕದಲ್ಲಿ ಉಪಕಾರಿಯೇ ಸರಿ.

ಕೆಲವು ಕಾರುಗಳಲ್ಲಿ ಯೂರಿಯ ದ್ರಾವಣಕ್ಕೆಂದು ಬೇರೆಯೇ ತೊಟ್ಟಿಯಿರುತ್ತದೆ. ಬಿಸಿ ಹೊಗೆಯಲ್ಲಿ ಯೂರಿಯ ಒಡೆದು ಅಮೋನಿಯವಾಗಿ, ವಿಷಕಾರಿಯಾದ ನೈಟ್ರೊಜನ್ ಆಕ್ಸೈಡುಗಳನ್ನು ವೇಗವರ್ಧಕದ ನೆರವಿನಿಂದ ನೈಟ್ರೊಜನ್ ಮತ್ತು ನೀರನ್ನಾಗಿ ಮಾರ್ಪಡಿಸುತ್ತದೆ. ಈ ದ್ರಾವಣದಲ್ಲಿ ಯೂರಿಯ ತೂಕದಲ್ಲಿ ಶೇಕಡ 32.5ರಷ್ಟಿರುತ್ತದೆ. ‘ಹಾಗಾದರೆ ಗೊಬ್ಬರದ ಚೀಲದಿಂದ ಒಂದು ಬೊಗಸೆ ಕಲಸಿದರಾಯಿತಲ್ಲ?’ ಎಂದು ರೈತನ ಮಗ ಕೇಳಬಹುದು. ಕೂಡದು. ಗೊಬ್ಬರದ ಯೂರಿಯಕ್ಕೆ ಬೇವಿನೆಣ್ಣೆ ಲೇಪಿಸಿರುತ್ತಾರೆ. ಅದರಲ್ಲಿ ಇತರ ಕಲ್ಮಷಗಳೂ ಉಂಟು. ಪೈರಿಗೆ ಹಿತವಾದ ಈ ವಸ್ತುಗಳು ವೇಗವರ್ಧಕವನ್ನು ಕೆಡಿಸುತ್ತವೆ. ಇನ್ನು ಈ ದ್ರಾವಣವನ್ನು ಮರೆತು ಡೀಸೆಲ್ ಟ್ಯಾಂಕಿಗೆ ಸುರಿದರಂತೂ ಎಂಜಿನ್ನನ್ನು ಚಾಲೂ ಮಾಡದೆ ಟ್ಯಾಂಕನ್ನು ಬರಿದು ಮಾಡಿಸಬೇಕು.

ಸೀಸೆಯಲ್ಲಿರುವುದೇನು?

ಅಂಗಡಿಯ ಸೀಸೆಗಳೆಲ್ಲ ಮೋಸವೆನ್ನಲಾಗದು. ಇಂಜೆಕ್ಟರಿಗೆ ಅಂಟಿದ ಕಿಟ್ಟವನ್ನು ಬಿಡಿಸುವ ಶುದ್ಧಿಕಾರಕಗಳಿವೆ. ಸೀಟೇನ್ ಸಂಖ್ಯೆಯನ್ನು ಏರಿಸುವ ದ್ರವ್ಯಗಳಿವೆ. ಬಹುಕಾಲ ನಿಂತ ಡೀಸೆಲಿನ ತಳದ ನೀರಿನಲ್ಲಿ ಬೆಳೆಯುವ ಬೂಷ್ಟನ್ನು ಕೊಲ್ಲುವ ಔಷಧವೂ ಇದೆ. ರೋಗವಿದ್ದಲ್ಲಿ ಇವು ಮದ್ದು, ರೋಗವಿಲ್ಲದಲ್ಲಿ ಖರ್ಚು. ಚಳಿಗೆ ಡೀಸೆಲ್ ಹೆಪ್ಪುಗಟ್ಟದಂತೆ ತಡೆಯುವ ದ್ರವ್ಯ ಲಡಾಖಿನಂತಹ ಕಡೆ ಅರ್ಥವುಳ್ಳದ್ದು. ಅಲ್ಲಿಗೆಂದೇ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಚಳಿಗಾಲದ ಡೀಸೆಲ್ 2019ರಲ್ಲಿ ಬಂದಿತು. ಕಾಮಗೆರೆಯ ಬಿಸಿಲಿನಲ್ಲಿ ಅದಕ್ಕೇನು ಕೆಲಸ?

ಹೊಂಗೆಯೆಣ್ಣೆಯ ಮಾತೂ ಇಲ್ಲಿ ಬರುತ್ತದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಿಂದ ನಡೆದಿತ್ತು. ನಮ್ಮ ರಾಜ್ಯದಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸರು ಹೊಂಗೆಯೆಣ್ಣೆಯಿಂದ ಎಂಜಿನ್ನುಗಳನ್ನು ನಡೆಸಿ ತೋರಿಸಿದರು. ಹಳ್ಳಿಯ ಪಂಪುಸೆಟ್ಟಿಗೆ ಒಗ್ಗಿದ್ದು ಹೊಸ ಕಾರಿಗೆ ಒಗ್ಗದು. ಹಸಿ ಎಣ್ಣೆ ಡೀಸೆಲಿಗಿಂತ ಬಹಳ ಮಂದವಾದುದರಿಂದ ಸರಿಯಾಗಿ ಸಿಂಪಡಿಸಲಾರದೆ ಇಂಜೆಕ್ಟರಿನ ಬಾಯಿಗೆ ಕಿಟ್ಟ ಕಟ್ಟುತ್ತದೆ. ಎಣ್ಣೆಯನ್ನು ಮೆಥನಾಲಿನೊಡನೆ ವರ್ತಿಸಿ, ಗ್ಲಿಸರಿನ್ನನ್ನು ಬೇರ್ಪಡಿಸಿದಾಗ ದೊರೆಯುವ ಜೈವಿಕ ಡೀಸೆಲನ್ನೂ ಕೈಪಿಡಿ ಒಪ್ಪಿದ ಪ್ರಮಾಣದಲ್ಲಿ ಮಾತ್ರವೇ ಬಳಸಬೇಕು.

ಕೊಳ್ಳುವವನ ಪರೀಕ್ಷೆ

ಬಂಕಿನಲ್ಲಿ ಡೀಸೆಲಿನ ಸಾಂದ್ರತೆಯನ್ನು ಪರೀಕ್ಷಿಸಿ ತೋರಿಸುವಂತೆ ಕೇಳುವ ಹಕ್ಕು ಗ್ರಾಹಕನಿಗಿದೆ. ಜಾಡಿಯಲ್ಲಿ ಡೀಸೆಲನ್ನು ತುಂಬಿ, ಹೈಡ್ರೊಮೀಟರನ್ನು ತೇಲಿಬಿಟ್ಟು, ಉಷ್ಣತೆಯನ್ನೂ ನೋಡಿ, 15 ಡಿಗ್ರಿಯ ಸಾಂದ್ರತೆಗೆ ಪರಿವರ್ತಿಸುತ್ತಾರೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಘನಮೀಟರಿಗೆ ಸುಮಾರು 0.7 ಕಿಲೋಗ್ರಾಂ ಇಳಿಯುತ್ತದೆ. 30 ಡಿಗ್ರಿಯಲ್ಲಿ 825 ಬಂದರೆ 15 ಡಿಗ್ರಿಯಲ್ಲಿ ಅದು ಹೆಚ್ಚುಕಡಿಮೆ 835. ಬಂಕಿನ ದಾಖಲೆಗೂ ಇದಕ್ಕೂ 3ಕ್ಕಿಂತ ಹೆಚ್ಚು ಅಂತರವಿದ್ದರೆ ಅನುಮಾನಿಸಬೇಕು. 835ರ ಡೀಸೆಲಿಗೆ 800ರ ಸೀಮೆಎಣ್ಣೆಯನ್ನು ಹತ್ತರಲ್ಲೊಂದು ಪಾಲು ಬೆರೆಸಿದರೆ ಸಾಂದ್ರತೆ ಎಷ್ಟಾಗುವುದೆಂದು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಲಿ. ಮೂರರ ಮಿತಿಯ ಅರ್ಥ ಆಗ ತಿಳಿಯುವುದು.

ನಮ್ಮ ಕಾರಿನವನಿಗೆ ಹೇಳಬೇಕಾದುದು ಇಷ್ಟೆ: ವ್ಯಾಪಾರ ಚೆನ್ನಾಗಿ ನಡೆಯುವ, ನಂಬಿಕೆಯ ಬಂಕಿನಲ್ಲಿ ಡೀಸೆಲ್ ಹಾಕಿಸು; ಸೋಸುಕವನ್ನು ಹೊತ್ತಿಗೆ ಸರಿಯಾಗಿ ಬದಲಿಸು; ಅದರಲ್ಲಿ ತಂಗಿದ ನೀರನ್ನು ಬಸಿಸು; ಕೈಪಿಡಿಯನ್ನು ಓದು. ಅವನ ಕಾರಿಗೆ ಬೇಕಾದುದು ಹೆಚ್ಚಿನ ಔಷಧವಲ್ಲ, ಶುದ್ಧವಾದ ಆಹಾರ.