ಟೆಂಡರ್ ಇಲ್ಲದ ಖರೀದಿ: ಕಾರಣ ಕೇಳುವ ಹಕ್ಕು ನಿಮ್ಮದು

ಸಿಯಾಚಿನ್ ಕಡೆ ಹಾರುವ ಸೇನೆಯ ಚೀತಾ ಹೆಲಿಕಾಪ್ಟರಿಗೆ ಒಂದು ರೋಟರ್ ಬ್ಲೇಡ್ ಬೇಕಾಯಿತು ಎನ್ನೋಣ. ಅದಕ್ಕೆ ಬಹಿರಂಗ ಟೆಂಡರ್ ಕರೆದು ಪ್ರಯೋಜನ ಕಡಿಮೆ. ಫ್ರಾನ್ಸಿನ ಪರವಾನಗಿ ಪಡೆದು ಆ ಯಂತ್ರವನ್ನು ಇಲ್ಲಿ ಕಟ್ಟಿದ್ದು ಬೆಂಗಳೂರಿನ ಎಚ್‌ಎಎಲ್. ನಕ್ಷೆಗಳು, ಅಚ್ಚುಗಳು, ಪರೀಕ್ಷೆಯ ಅನುಭವ ಎಲ್ಲವೂ ಅಲ್ಲೇ ಇವೆ. ಚೇತಕ್, ಧ್ರುವ್ ಹೆಲಿಕಾಪ್ಟರುಗಳ ಮಾತೂ ಹೆಚ್ಚುಕಡಿಮೆ ಇದೇ. ಕಡಿಮೆ ಬೆಲೆ ಹೇಳಿದ ಅಪರಿಚಿತನಿಂದ ಬ್ಲೇಡ್ ತಂದು ಪೈಲಟ್‌ನ ಜೀವವನ್ನು ಪಣಕ್ಕಿಡಲಾಗದು.

ಆದ್ದರಿಂದ ಸರ್ಕಾರ ಒಂದೇ ಕಡೆ ಕೊಂಡಿತು ಎಂಬ ಕಾರಣಕ್ಕೇ ಅದು ಹಗರಣವಾಗುವುದಿಲ್ಲ. ಒಂದೇ ಕಡೆ ಏಕೆ ಎಂಬುದನ್ನು ಕಡತದಲ್ಲಿ ಬರೆಯದೆ, ಸಹಿ ಹಾಕದೆ, ಹಣಕಾಸು ವಿಭಾಗದ ಒಪ್ಪಿಗೆ ಪಡೆಯದೆ ಕೊಂಡರೆ ಅದು ತಪ್ಪು. ಆ ಬರಹವನ್ನು ಓದುವ ಹಕ್ಕು ನಾಗರಿಕನಿಗೆ ಇದೆ. ಈ ಹಕ್ಕು ಇದೆಯೆಂದೇ ನಮ್ಮಲ್ಲಿ ಬಹುತೇಕರಿಗೆ ಗೊತ್ತಿಲ್ಲ ಎನ್ನುವುದು ನನಗೆ ನಿಜವಾಗಿ ನೋವಿನ ಸಂಗತಿ.

ಪುಣೆ ಜಿಲ್ಲೆಯ ಜೇಜುರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮೈಲಾರಲಿಂಗನ ಒಕ್ಕಲಿನ ಕನ್ನಡ ಮನೆಗಳಿಗೆ ಅದು ಖಂಡೋಬನ ಗುಡ್ಡ, ಭಂಡಾರದ ಊರು. ಅಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ (ಎಂಐಡಿಸಿ) ಕೈಗಾರಿಕಾ ಪ್ರದೇಶವೂ ಇದೆ. ಅಲ್ಲಿ ಸಿಎನ್‌ಸಿ ಯಂತ್ರ ಇಟ್ಟುಕೊಂಡು ಬಿಡಿಭಾಗ ಮಾಡುವವರಿಗೂ, ಊರಿನ ನಗರ ಪರಿಷತ್ತಿಗೆ ಮನೆ ತೆರಿಗೆ ಕಟ್ಟುವವರಿಗೂ ಈ ಹಕ್ಕು ಸಂಬಂಧಿಸಿದ್ದು. ಹೆಲಿಕಾಪ್ಟರಿನ ಗೇರ್‌ಬಾಕ್ಸ್ ಇರಲಿ, ನೀರಿನ ಪಂಪಿನ ಇಂಪೆಲ್ಲರ್ ಇರಲಿ, ‘ಇವರೊಬ್ಬರೇ ಕೊಡಬಲ್ಲರು’ ಎಂದು ಹೇಳುವ ಅಧಿಕಾರಿ ಅದನ್ನು ಕಾಗದದ ಮೇಲೆ ತೋರಿಸಬೇಕು.

ಕೇಂದ್ರ ಸರ್ಕಾರದ ಇಲಾಖೆಗಳಿಗೆ ಅನ್ವಯಿಸುವುದು 2017ರ ಸಾಮಾನ್ಯ ಹಣಕಾಸು ನಿಯಮಗಳು. ಅದರ 166ನೇ ನಿಯಮ ಸಿಂಗಲ್ ಟೆಂಡರಿಗೆ ಮೂರೇ ದಾರಿ ಬಿಟ್ಟಿದೆ. ಆ ವಸ್ತುವನ್ನು ತಯಾರಿಸುವವರು ಒಬ್ಬರೇ ಎಂದು ಇಲಾಖೆಗೆ ತಿಳಿದಿರಬೇಕು. ಇಲ್ಲವೇ ತುರ್ತು ಇರಬೇಕು, ಆ ತುರ್ತಿನ ಕಾರಣ ದಾಖಲಾಗಬೇಕು. ಇಲ್ಲವೇ ಈಗಿರುವ ಯಂತ್ರಕ್ಕೆ ಹೊಂದುವ ಬಿಡಿಭಾಗ ಇಂಥ ಕಂಪನಿಯದೇ ಆಗಬೇಕೆಂದು ಅರ್ಹ ತಾಂತ್ರಿಕ ತಜ್ಞರು ಸಲಹೆ ಕೊಟ್ಟಿರಬೇಕು. ಮೊದಲನೆಯ ಮತ್ತು ಮೂರನೆಯ ದಾರಿ ಹಿಡಿದರೆ ‘ಪ್ರೊಪ್ರೈಟರಿ ಆರ್ಟಿಕಲ್ ಸರ್ಟಿಫಿಕೇಟ್’ ಬೇಕೇ ಬೇಕು. ಕಚೇರಿಗಳಲ್ಲಿ ಇದನ್ನು ಪಿಎಸಿ ಅನ್ನುತ್ತಾರೆ.

ಈ ಪಿಎಸಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಮೂನೆ ಚಿಕ್ಕದು. ವಸ್ತುವನ್ನು ಯಾರು ತಯಾರಿಸುತ್ತಾರೆ ಎಂಬುದು ಮೊದಲ ಸಾಲು. ಬೇರೆ ಯಾವ ಮಾದರಿಯೂ ಒಪ್ಪಿಗೆಯಲ್ಲ, ಅದಕ್ಕೆ ಕಾರಣ ಇಂತಿದೆ ಎಂಬುದು ಎರಡನೆಯದು. ಆಮೇಲೆ ಹಣಕಾಸು ವಿಭಾಗದ ಸಮ್ಮತಿ, ಸಕ್ಷಮ ಅಧಿಕಾರಿಯ ಮಂಜೂರಾತಿ. ಕೊನೆಗೆ ಬೇಡಿಕೆ ಸಲ್ಲಿಸಿದ ಅಧಿಕಾರಿಯ ಸಹಿ, ದಿನಾಂಕ, ಹುದ್ದೆ. ಜೀವ ಇರುವುದೆಲ್ಲ ಎರಡನೆಯ ಸಾಲಿನಲ್ಲಿ. ಅಲ್ಲಿ ‘ತಾಂತ್ರಿಕ ಕಾರಣಗಳಿಂದ’ ಎಂದಷ್ಟೇ ಗೀಚಿದ್ದರೆ ಅದನ್ನು ಕಾರಣವೆಂದು ಒಪ್ಪಬೇಡಿ. ಯಾವ ಅಳತೆ, ಯಾವ ಲೋಹ, ಯಾರ ಪ್ರಮಾಣೀಕರಣ ಎಂಬ ವಿವರ ಅಲ್ಲಿರಬೇಕು. ಪಿಎಸಿಯ ದಿನಾಂಕ ಖರೀದಿ ಆದೇಶದ ನಂತರದ್ದಾಗಿದ್ದರೆ ಅಲ್ಲೇ ನಿಲ್ಲಿ: ಕೊಂಡ ಮೇಲೆ ಕಾರಣ ಹುಡುಕಿದ್ದಾರೆ ಎಂಬ ಅನುಮಾನಕ್ಕೆ ಅದಕ್ಕಿಂತ ಗಟ್ಟಿ ಆಧಾರ ಬೇಡ.

ಒಬ್ಬರೇ ಮಾರಾಟಗಾರರು ಉಳಿಯುವುದು ಕೆಲವೊಮ್ಮೆ ಸಹಜವಾಗಿ ಆಗುತ್ತದೆ, ಕೆಲವೊಮ್ಮೆ ಷರತ್ತು ಬರೆಯುವ ಮೇಜಿನ ಮೇಲೆ ಆಗುತ್ತದೆ. ಗಣ್ಯರ ಪ್ರಯಾಣಕ್ಕೆ 12 ಹೆಲಿಕಾಪ್ಟರ್ ಕೊಳ್ಳಲು 2010ರಲ್ಲಿ ಅಗಸ್ಟಾವೆಸ್ಟ್‌ಲ್ಯಾಂಡ್ ಜೊತೆ ಆದ ಒಪ್ಪಂದದ ಬಗ್ಗೆ 2013ರಲ್ಲಿ ಸಿಎಜಿ ಕೊಟ್ಟ ವರದಿಯನ್ನು ಈ ದೃಷ್ಟಿಯಿಂದ ಓದಬೇಕು. ಹಾರುವ ಎತ್ತರದ ಮಿತಿಯನ್ನು 6,000 ಮೀಟರಿನಿಂದ 4,500ಕ್ಕೆ ಇಳಿಸಲಾಯಿತು, ಕ್ಯಾಬಿನ್ನಿನ ಎತ್ತರ 1.8 ಮೀಟರ್ ಇರಬೇಕೆಂದು ಸೇರಿಸಲಾಯಿತು. ಮೊದಲಿದ್ದ ಷರತ್ತಿನಲ್ಲಿ ಒಬ್ಬರೇ ಉಳಿಯುತ್ತಾರೆ, ಸ್ಪರ್ಧೆ ಹೆಚ್ಚಲಿ ಎಂದು ಷರತ್ತು ಬದಲಿಸಿದರು. ಬದಲಿಸಿದ ಮೇಲೂ ಕೊನೆಗೆ ಉಳಿದವರು ಒಬ್ಬರೇ ಎಂದು ವರದಿ ಹೇಳಿತು. 2014ರ ಜನವರಿಯಲ್ಲಿ ಒಪ್ಪಂದ ರದ್ದಾಯಿತು. ಹಾಗಾಗಿ ಟೆಂಡರ್ ಕರೆದರೇ ಎಂದು ಮಾತ್ರ ಕೇಳಿ ಸುಮ್ಮನಾಗಬಾರದು, ಷರತ್ತು ಯಾರ ಅಳತೆಗೆ ಹೊಲಿದದ್ದು ಎಂದೂ ಕೇಳಬೇಕು.

ಕರ್ನಾಟಕ ಸರ್ಕಾರದ ಖರೀದಿಗೆ ಬೇರೆಯೇ ಕಾನೂನು ಇದೆ: ಕೆಟಿಪಿಪಿ ಎಂದೇ ಹೆಸರಾದ 1999ರ ಪಾರದರ್ಶಕತೆ ಕಾಯ್ದೆ. ಅದರ 4(ಬಿ) ಕಲಮಿನಲ್ಲಿ ಏಕಮೂಲ ಖರೀದಿಗೆ ಅವಕಾಶವಿದೆ. ಆದರೆ ನಿಜವಾಗಿ ಒಂದೇ ಮೂಲವೇ ಎಂದು ತೀರ್ಮಾನಿಸಲು ಮೂವರು ತಜ್ಞರ ಸಮಿತಿ ಬೇಕು. ನಾವು ಸುದ್ದಿಯಲ್ಲಿ ಹೆಚ್ಚು ಕೇಳುವ ‘4(ಜಿ) ವಿನಾಯಿತಿ’ ಇದಲ್ಲ. ಅದು ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಖರೀದಿಯನ್ನು ಟೆಂಡರಿನಿಂದ ಹೊರಗಿಡುವ ಅಧಿಕಾರ. ತಜ್ಞರ ಸಮಿತಿಯ ಮುಂದೆ ಹೋಗಬೇಕಾದ ವಿಷಯ 4(ಜಿ) ಮೂಲಕ ಸುಲಭವಾಗಿ ದಾಟಿಹೋಗದಂತೆ ಕಾಯುವುದು ಶಾಸಕರ ಮತ್ತು ನಮ್ಮ ಹೊಣೆ ಎಂದು ನಾನು ನಂಬಿದ್ದೇನೆ. ಕೆಟಿಪಿಪಿ ಕಾಯ್ದೆ ಎಚ್‌ಎಎಲ್‌ಗೆ ಅನ್ವಯಿಸುವುದಿಲ್ಲ, ಅದು ಕೇಂದ್ರದ ಉದ್ಯಮ. ಜೇಜುರಿಯ ನಗರ ಪರಿಷತ್ತಿಗೂ ಅನ್ವಯಿಸುವುದಿಲ್ಲ, ಅಲ್ಲಿ ಮಹಾರಾಷ್ಟ್ರದ ಖರೀದಿ ನಿಯಮಗಳನ್ನು ನೋಡಬೇಕು.

ಇವೆಲ್ಲಕ್ಕೂ ಮೇಲಿರುವುದು ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14ನೇ ವಿಧಿ. ಮೀರತ್ ನಗರ ನಿಗಮದ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು, ಸರ್ಕಾರಿ ಗುತ್ತಿಗೆಯನ್ನು ಬಹಿರಂಗ ಹರಾಜು ಅಥವಾ ಟೆಂಡರ್ ಮೂಲಕವೇ ಕೊಡುವುದು ಸಾಮಾನ್ಯ ನಿಯಮ, ಉಳಿದದ್ದು ಅಪವಾದ ಎಂದಿತು. ಆ ತೀರ್ಪನ್ನು ಆಧರಿಸಿ ಕೇಂದ್ರ ಜಾಗೃತ ಆಯೋಗ 2007ರ ಜುಲೈನಲ್ಲಿ ಎಲ್ಲ ಇಲಾಖೆ, ಉದ್ಯಮಗಳಿಗೆ ಸುತ್ತೋಲೆ ಕಳಿಸಿತು.

ಇನ್ನು ಈ ದಾಖಲೆಗಳನ್ನು ಕೇಳುವ ಮಾಹಿತಿ ಹಕ್ಕು ಅರ್ಜಿಯ ವಿಷಯ. ಎಚ್‌ಎಎಲ್ ಆಗಲಿ ರಕ್ಷಣಾ ಸಚಿವಾಲಯವಾಗಲಿ ಮಾಹಿತಿ ಹಕ್ಕು ಕಾಯ್ದೆಯ ಎರಡನೇ ಅನುಸೂಚಿಯ ವಿನಾಯಿತಿ ಪಟ್ಟಿಯಲ್ಲಿಲ್ಲ. ಆ ಪಟ್ಟಿಯಲ್ಲಿರುವುದು ಡಿಆರ್‌ಡಿಒದಂಥ ಸಂಸ್ಥೆಗಳು. ಹಾಗಾಗಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆ, ಇಲ್ಲವೇ ಕೇಂದ್ರದ ಆನ್‌ಲೈನ್ ಪೋರ್ಟಲ್ಲಿನಲ್ಲಿ, ಯಾವ ನಾಗರಿಕರಾದರೂ ಅರ್ಜಿ ಹಾಕಬಹುದು. ಏಕೆ ಬೇಕು ಎಂದು ಅವರು ಕೇಳುವಂತಿಲ್ಲ. ಕೇಂದ್ರದ ಕಚೇರಿಗೆ 500 ಪದದವರೆಗೆ ಬರೆಯಬಹುದು. ಕರ್ನಾಟಕ, ಮಹಾರಾಷ್ಟ್ರ ಎರಡರ ನಿಯಮದಲ್ಲೂ ಮಿತಿ 150 ಪದ, ಒಂದೇ ವಿಷಯ. ಜೇಜುರಿಯಿಂದ ನಗರ ಪರಿಷತ್ತಿಗೆ ಬರೆಯುವುದಾದರೆ ಮರಾಠಿಯಲ್ಲಿ ಬರೆಯುವುದೇ ಕ್ಷೇಮ.

‘ಭ್ರಷ್ಟಾಚಾರದ ವಿವರ ಕೊಡಿ’ ಎಂದು ಬರೆದರೆ ಏನೂ ಸಿಗುವುದಿಲ್ಲ. ದಾಖಲೆಯ ಹೆಸರು ಹಿಡಿದು ಕೇಳಬೇಕು: ‘ಇಂಥ ಸಂಖ್ಯೆಯ, ಇಂಥ ದಿನಾಂಕದ ಖರೀದಿ ಆದೇಶಕ್ಕೆ ಸಂಬಂಧಿಸಿದ ಪಿಎಸಿಯ ಪ್ರತಿ, ಹಣಕಾಸು ವಿಭಾಗದ ಸಮ್ಮತಿ ಟಿಪ್ಪಣಿಯ ಪ್ರತಿ, ಬೆಲೆ ನ್ಯಾಯವಾದದ್ದೆಂದು ಪರಿಶೀಲಿಸಿದ ಟಿಪ್ಪಣಿಯ ಪ್ರತಿ, ಇದೇ ಬಿಡಿಭಾಗದ ಹಿಂದಿನ ಖರೀದಿಯ ದರ ಕೊಡಿ.’ ಇದಿಷ್ಟು ಸಾಕು. ಹಳೆಯ ದರವನ್ನು ಮರೆಯದೆ ಕೇಳಿ. ಸ್ಪರ್ಧೆಯೇ ಇಲ್ಲದ ಕಡೆ ಹೋಲಿಸಿ ನೋಡಲು ಸಿಗುವುದು ಅದೊಂದೇ.

30 ದಿನದೊಳಗೆ ಉತ್ತರ ಬರಬೇಕು. ರಕ್ಷಣೆಯ ವಿಷಯವಾದ್ದರಿಂದ ಕಾಯ್ದೆಯ 8(1)(ಎ) ಅಡಿ ದೇಶದ ಭದ್ರತೆ, 8(1)(ಡಿ) ಅಡಿ ವ್ಯಾಪಾರದ ಗುಟ್ಟು ಎಂಬ ನಿರಾಕರಣೆ ಬರುವ ಸಂಭವ ಹೆಚ್ಚು. ಕೆಲವು ಸಂದರ್ಭದಲ್ಲಿ ಅದು ನ್ಯಾಯವೂ ಹೌದು: ಯಾವ ತುಕಡಿಯಲ್ಲಿ ಎಷ್ಟು ಬಿಡಿಭಾಗ ದಾಸ್ತಾನಿದೆ ಎಂಬುದು ಬೀದಿಗೆ ಬರಬೇಕಾದ ಮಾಹಿತಿಯಲ್ಲ, ಅದನ್ನು ಕೇಳಲೂಬೇಡಿ. ಆದರೆ 10ನೇ ಕಲಮಿನ ಪ್ರಕಾರ ಗುಟ್ಟಿನ ಭಾಗಕ್ಕೆ ಮಸಿ ಹಚ್ಚಿ ಉಳಿದದ್ದನ್ನು ಕೊಡಬೇಕು. ಸಾರ್ವಜನಿಕ ಹಿತ ಹಾನಿಗಿಂತ ದೊಡ್ಡದಾಗಿದ್ದರೆ 8(2)ರಂತೆ ಕೊಡಲೂಬಹುದು. ಮೇಲ್ಮನವಿಯಲ್ಲಿ ಈ ಎರಡು ಕಲಮುಗಳನ್ನು ಹೆಸರಿಸಿ. ಮೊದಲ ಮೇಲ್ಮನವಿಗೆ 30 ದಿನ, ಎರಡನೆಯದಕ್ಕೆ 90 ದಿನ ಕಾಲಾವಕಾಶ. ಎಚ್‌ಎಎಲ್ ವಿಷಯವಾದರೆ ಎರಡನೆಯದು ದೆಹಲಿಯ ಕೇಂದ್ರ ಮಾಹಿತಿ ಆಯೋಗಕ್ಕೆ ಹೋಗುತ್ತದೆ.

ಕಚೇರಿಯ ಒಳಗಿರುವವರೇ ತಪ್ಪು ಕಂಡಿದ್ದರೆ ಕೇಂದ್ರ ಜಾಗೃತ ಆಯೋಗಕ್ಕೆ ‘ಸಾರ್ವಜನಿಕ ಹಿತಾಸಕ್ತಿ ಬಹಿರಂಗಪಡಿಸುವಿಕೆ’ ಎಂಬ ವ್ಯವಸ್ಥೆಯ ಅಡಿ ದೂರು ಕೊಡಬಹುದು. ಮುಚ್ಚಿದ ಲಕೋಟೆಯಲ್ಲೇ ಕಳಿಸಬೇಕು, ಲಕೋಟೆಯ ಮೇಲೆ ಅದು ಈ ಬಗೆಯ ದೂರು ಎಂದು ಬರೆದಿರಬೇಕು. ಹಾಗೆ ಮಾಡಿದರೆ ಮಾತ್ರ ನಿಮ್ಮ ಹೆಸರನ್ನು ಗುಟ್ಟಾಗಿಡುವ ಹೊಣೆ ಆಯೋಗದ್ದು.

ಕೋರ್ಟಿಗೆ ಹೋಗುವವರು ತಡ ಮಾಡಬಾರದು. ಬೊಂಬಾಯಿ ವಿಮಾನ ನಿಲ್ದಾಣದ ಹೋಟೆಲ್ ಗುತ್ತಿಗೆಯ ಕುರಿತ ರಮಣ ದಯಾರಾಮ ಶೆಟ್ಟಿ ಪ್ರಕರಣದಲ್ಲಿ 1979ರಲ್ಲಿ ಸುಪ್ರೀಂ ಕೋರ್ಟು, ಸರ್ಕಾರ ತಾನೇ ಹಾಕಿದ ಷರತ್ತನ್ನು ಮುರಿಯುವಂತಿಲ್ಲ ಎಂಬ ದೊಡ್ಡ ತತ್ವ ಎತ್ತಿಹಿಡಿಯಿತು. ಆದರೂ ಅರ್ಜಿದಾರರಿಗೆ ಪರಿಹಾರ ಸಿಗಲಿಲ್ಲ. ಅವರು ಕೋರ್ಟಿಗೆ ಬರುವಷ್ಟರಲ್ಲಿ ತಿಂಗಳುಗಳು ಕಳೆದಿದ್ದವು, ಗುತ್ತಿಗೆ ಪಡೆದವರು ಹಣ ಸುರಿದಾಗಿತ್ತು. ಅನುಮಾನವೊಂದನ್ನೇ ನಂಬಿ ಹೋದರೂ ಕಷ್ಟ: ಛತ್ತೀಸಗಢ ಸರ್ಕಾರ ಒಂದೇ ಮಾದರಿಯ ಹೆಲಿಕಾಪ್ಟರಿಗೆ ಟೆಂಡರ್ ಕರೆದಿತ್ತೆಂಬ ಅರ್ಜಿಯನ್ನು 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ವಜಾ ಮಾಡಿತು. ಮೊದಲು ದಾಖಲೆ, ಆಮೇಲೆ ವಕೀಲರು.

ಜೇಜುರಿಯ ಸಣ್ಣ ಕಾರ್ಖಾನೆಯವರಿಗೆ ಇನ್ನೊಂದು ದಾರಿ ಇದೆ, ನನಗೆ ಇದೇ ಹೆಚ್ಚು ಇಷ್ಟ. 2020ರಲ್ಲಿ ಆರಂಭವಾದ ರಕ್ಷಣಾ ಸಚಿವಾಲಯದ ಸೃಜನ್ ಪೋರ್ಟಲ್ಲಿನಲ್ಲಿ, ದೇಶದೊಳಗೆ ತಯಾರಾಗಬೇಕಾದ ಬಿಡಿಭಾಗಗಳನ್ನು ಎಚ್‌ಎಎಲ್‌ನಂಥ ಸಂಸ್ಥೆಗಳು ಪಟ್ಟಿಮಾಡುತ್ತವೆ. ನಿಮ್ಮ ಯಂತ್ರಕ್ಕೆ ಒಗ್ಗುವ ಭಾಗ ಕಂಡರೆ ಆಸಕ್ತಿ ತಿಳಿಸಿ. ಕೇಂದ್ರದ ಇಲಾಖೆ, ಉದ್ಯಮಗಳು ತಮ್ಮ ವಾರ್ಷಿಕ ಖರೀದಿಯ ಶೇ. 25ರಷ್ಟನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕೆಂಬ ನೀತಿಯೂ ಇದೆ. ಸೇನಾ ಹೆಲಿಕಾಪ್ಟರಿನ ಭಾಗಕ್ಕೆ, ಸೇನಾ ವಿಮಾನಗಳ ಪ್ರಮಾಣೀಕರಣ ಸಂಸ್ಥೆಯಾದ ಬೆಂಗಳೂರಿನ ಸೆಮಿಲ್ಯಾಕ್‌ನ ಹಾರಾಟ ಯೋಗ್ಯತೆಯ ಅನುಮೋದನೆ ಬೇಕು. ಅದು ನಿಧಾನದ, ಖರ್ಚಿನ ಕೆಲಸ. ಸಿಕ್ಕ ದಿನವೇ ಅದರ ಪ್ರತಿಯನ್ನು ಖರೀದಿ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಆ ಪತ್ರ ಕಡತ ಸೇರಿದ ಮೇಲೆ, ‘ತಯಾರಕರು ಒಬ್ಬರೇ’ ಎಂಬ ಪಿಎಸಿಗೆ ಮುಂದಿನ ಸಲ ಸಹಿ ಹಾಕುವ ಅಧಿಕಾರಿ ನಿಮ್ಮ ಭಾಗ ಏಕೆ ಒಪ್ಪಿಗೆಯಲ್ಲ ಎಂದು ಬರೆಯಬೇಕಾಗುತ್ತದೆ.