ಪೀಠಕ್ಕೆ ಅವಸರ ಬೇಡ, ತಮ್ಮಾ

ತಮ್ಮಾ,

ಹೈದರಾಬಾದಿನ ಗಾಂಧಿನಗರದ ಆಂಧ್ರ ಕ್ರಿಶ್ಚಿಯನ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ನಿನಗೆ ಬಿ.ಡಿ. ಸೀಟು ಸಿಕ್ಕಿತೆಂದು ನಿಮ್ಮಪ್ಪ ಧಾರವಾಡದಿಂದ ಫೋನ್ ಮಾಡಿದ್ದ. ಕೇಳಿ ಹೊಟ್ಟೆ ತಣ್ಣಗಾಯಿತು. ಆದರೆ ಫೋನ್ ಇಡುವ ಮುಂಚೆ, "ನಾಳೆ ಇವನೂ ಬಿಷಪ್ ಆದರೆ ಆಶ್ಚರ್ಯವಿಲ್ಲ, ಕಾಕಾ" ಅಂದನಲ್ಲ, ಅದು ನನಗೆ ಹಿಡಿಸಲಿಲ್ಲ. ಅವನಿಗೆ ಹೇಳಿ ಪ್ರಯೋಜನವಿಲ್ಲ, ಹೆತ್ತ ಕರುಳು. ನಿನಗೆ ಹೇಳುತ್ತೇನೆ. ಇನ್ನೂ ಪೆಟ್ಟಿಗೆ ಬಿಚ್ಚಿರಲಿಕ್ಕಿಲ್ಲ ನೀನು, ಈಗಲೇ ಹೇಳಿದರೆ ಒಳ್ಳೆಯದು.

ನೀನು ಸೇರಿದ ಕಾಲೇಜಿನ ಹುಟ್ಟೂರು ಹೈದರಾಬಾದ್ ಅಲ್ಲ. 1964ರಲ್ಲಿ ರಾಜಮಹೇಂದ್ರಿಯ ಲೂಥರ್‌ಗಿರಿಯಲ್ಲಿ ಶುರುವಾಗಿ, ಎಪ್ಪತ್ತರ ದಶಕದ ಮೊದಲಲ್ಲಿ ಇಲ್ಲಿಗೆ ಬಂತು. ಲೂಥರನ್ನರು, ಬ್ಯಾಪ್ಟಿಸ್ಟರು, ಮೆಥೊಡಿಸ್ಟರು, ನಮ್ಮ ಸಿಎಸ್‌ಐಯವರು ಎಲ್ಲ ಸೇರಿ ನಡೆಸುವ ಸಂಸ್ಥೆ ಅದು. ಹಾಸ್ಟೆಲ್ಲಿನಲ್ಲಿ ಗುಂಟೂರು, ಗೋದಾವರಿ ಕಡೆಯ ಲೂಥರನ್ ಹುಡುಗರು ಸಿಗುತ್ತಾರೆ. ಅವರ ಮನೆಯ ಹಿರಿಯರು ಫಾದರ್ ಹೇಯರ್ ಎಂಬ ಹೆಸರು ಕೇಳಿಯೇ ಬೆಳೆದವರು. ಲೈಬ್ರರಿಯಲ್ಲಿ ಮೊದಲು ಆ ಮನುಷ್ಯನ ಬದುಕನ್ನು ಓದು.

ಜಾನ್ ಕ್ರಿಶ್ಚಿಯನ್ ಫ್ರೆಡರಿಕ್ ಹೇಯರ್ ಹುಟ್ಟಿದ್ದು 1793ರಲ್ಲಿ, ಜರ್ಮನಿಯ ಹೆಲ್ಮ್‌ಸ್ಟೆಟ್‌ನಲ್ಲಿ. ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಹೋದರು. ಅಲ್ಲಿ ಪಾಸ್ಟರ್ ಆಗಿ ಊರೂರು ತಿರುಗಿ ಸಭೆ ಕಟ್ಟಿದರು. 1842ರ ಜುಲೈ 31ರಂದು ಗುಂಟೂರಿಗೆ ಬಂದಾಗ ಅವರಿಗೆ 49 ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ಪೆನ್ಷನ್ ಲೆಕ್ಕ ಹಾಕಲು ಶುರುಮಾಡುತ್ತಾರೆ. ಅವರು ತೆಲುಗು ವರ್ಣಮಾಲೆ ತಿದ್ದಲು ಕೂತರು. ಅಲ್ಲಿದ್ದ ಕಲೆಕ್ಟರ್ ಹೆನ್ರಿ ಸ್ಟೋಕ್ಸ್ ನೆರವಿಗೆ ನಿಂತ. ಶಾಲೆ ಶುರುವಾಯಿತು. ಮೂರು ನಾಲ್ಕು ವರ್ಷದ ಮೇಲೆ ಅಮೆರಿಕಕ್ಕೆ ಹಿಂದಿರುಗಿದರು. ಅಷ್ಟಕ್ಕೇ ಸಾಕು ಎನ್ನಬಹುದಿತ್ತು, ಯಾರೂ ಬೈಯುತ್ತಿರಲಿಲ್ಲ. ಆದರೆ ಪ್ರಾರ್ಥನೆಯ ಜೊತೆಗೆ ಔಷಧವೂ ತಿಳಿದಿರಬೇಕೆಂದು ಗುಂಟೂರಿನ ಜನರ ನಡುವೆ ಬದುಕಿದಾಗ ಅವರಿಗೆ ಮನವರಿಕೆಯಾಗಿರಬೇಕು. ಬಾಲ್ಟಿಮೋರ್‌ನಲ್ಲಿ ಮಕ್ಕಳ ವಯಸ್ಸಿನ ಹುಡುಗರ ಪಕ್ಕದಲ್ಲಿ ಕೂತು ವೈದ್ಯಕೀಯ ಓದಿ, 1847ರಲ್ಲಿ ಡಾಕ್ಟರ್ ಆಗಿ, ಮತ್ತೆ ಹಡಗು ಹತ್ತಿದರು. ಆಮೇಲೆ ಪಲ್ನಾಡಿನ ಗುರಜಾಲದಂಥ ಬಿಸಿಲ ನಾಡಿನಲ್ಲಿ ವರ್ಷಗಟ್ಟಲೆ ಕೆಲಸ.

ಅವರ ಕಥೆ ಅಲ್ಲಿಗೂ ಮುಗಿಯುವುದಿಲ್ಲ. 1869ರಲ್ಲಿ, ನೋಡಿಕೊಳ್ಳುವವರಿಲ್ಲದೆ ರಾಜಮಹೇಂದ್ರಿಯ ಕೆಲಸವನ್ನು ಬೇರೆ ಮಿಷನ್ನಿಗೆ ಬಿಟ್ಟುಕೊಡುವ ಮಾತು ನಡೆದಿತ್ತು. ಪೆನ್ಸಿಲ್ವೇನಿಯಾದ ರೆಡಿಂಗ್‌ನಲ್ಲಿ ಸಭೆ ಸೇರಿದಾಗ ಅಷ್ಟರಲ್ಲಿ ಅಮೆರಿಕಕ್ಕೆ ಮರಳಿದ್ದ, 75 ದಾಟಿದ ಹೇಯರ್ ಕಟ್ಟಿದ ಚೀಲ ಹಿಡಿದು ಎದ್ದು ನಿಂತರು ಎಂದು ಲೂಥರನ್ನರು ಇಂದಿಗೂ ಹೇಳಿಕೊಳ್ಳುತ್ತಾರೆ. ಚೀಲದ ವಿಷಯ ಹೇಗೇ ಇರಲಿ, ಮುದುಕ ಬಂದದ್ದಂತೂ ನಿಜ. ಕೆಲಸವನ್ನು ಒಂದು ದಾರಿಗೆ ಹಚ್ಚಿ, ಹಿಂದಿರುಗಿ ಹೋಗಿ, 1873ರಲ್ಲಿ ಫಿಲಡೆಲ್ಫಿಯಾದಲ್ಲಿ ತೀರಿಕೊಂಡರು. ಇಷ್ಟು ಬದುಕಿನಲ್ಲಿ ಅವರು ಕುರ್ಚಿ ಹುಡುಕಿಕೊಂಡು ಹೋದದ್ದು ಎಲ್ಲಿ ಕಾಣುತ್ತದೆ, ನೀನೇ ಹೇಳು. ಶಾಲೆ ಹುಡುಕಿಕೊಂಡು ಹೋದದ್ದು ಮಾತ್ರ ಎದ್ದು ಕಾಣುತ್ತದೆ.

ಗುಂಟೂರಿನದೇ ಇನ್ನೊಂದು ಹೆಸರು ಡಾಕ್ಟರ್ ಅನ್ನಾ ಸಾರಾ ಕುಗ್ಲರ್. 1883ರಲ್ಲಿ ಬಂದರು. ಎಂ.ಡಿ. ಓದಿದ ಹೆಂಗಸು, ಆದರೆ ಮಿಷನ್ ಬೋರ್ಡಿನವರು ಕಳಿಸಿದ್ದು ಪರದೆಯ ಹೆಂಗಸರಿಗೆ ಪಾಠ ಹೇಳುವುದಕ್ಕೆ. ವೈದ್ಯೆಯೆಂದು ನೇಮಕವಾಗಲು ಎರಡು ವರ್ಷ, ಆಸ್ಪತ್ರೆಯ ಬಾಗಿಲು ತೆರೆಯಲು 1898ರವರೆಗೆ ಕಾಯಬೇಕಾಯಿತು. ಹದಿನೈದು ವರ್ಷ, ತಮ್ಮಾ. ನೀನು ಮೂರು ತಿಂಗಳಿಗೇ "ನನ್ನ ವರಕ್ಕೆ ತಕ್ಕ ಕೆಲಸ ಕೊಡಲಿಲ್ಲ" ಎಂದು ಗೊಣಗುವ ದಿನ ಬರುತ್ತದೆ, ಬಂದೇ ಬರುತ್ತದೆ. ಅಂದು ಈ ತಾಯಿಯನ್ನು ನೆನೆಸಿಕೋ. 1930ರಲ್ಲಿ ಅವರು ಪ್ರಾಣ ಬಿಟ್ಟದ್ದೂ ಗುಂಟೂರಿನಲ್ಲೇ.

ನಮ್ಮ ಕಡೆಯದನ್ನೂ ಹೇಳುತ್ತೇನೆ, ಇಲ್ಲವಾದರೆ ತೆಲುಗರ ಹುಡುಗರ ಮುಂದೆ ನೀನು ಬಾಯಿ ಮುಚ್ಚಿ ಕೂರಬೇಕಾಗುತ್ತದೆ. ನಮ್ಮ ಕಡೆ ಬಂದ ಬಾಸೆಲ್ ಮಿಷನ್ ಪೂರಾ ಲೂಥರನ್ ಅಲ್ಲ, ರಿಫಾರ್ಮ್ಡ್ ಸಭೆಯವರೂ ಅದರಲ್ಲಿದ್ದರು. ಆದರೆ ಬಂದ ಪಾದ್ರಿಗಳಲ್ಲಿ ಬಹಳ ಮಂದಿ ವುರ್ಟೆಂಬರ್ಗಿನ ಲೂಥರನ್ ಮನೆಗಳವರು. ಕನ್ನಡ ನಿಘಂಟಿನ ಕಿಟ್ಟೆಲ್ಲರ ತಂದೆಯೇ ಲೂಥರನ್ ಪಾಸ್ಟರ್, ಅವರದು ಉತ್ತರದ ಸಮುದ್ರತೀರದ ಊರು. ಅದೇ ಮಿಷನ್ನಿನ ಮೋಗ್ಲಿಂಗರು 1843ರ ಜುಲೈ 1ರಂದು ಮಂಗಳೂರ ಸಮಾಚಾರ ಪತ್ರಿಕೆ ಹೊರತಂದದ್ದು ಶಾಲೆಯ ಪುಸ್ತಕದಲ್ಲಿ ಓದಿದ್ದೀಯಲ್ಲ. ಅವರಿಂದ ದೀಕ್ಷಾಸ್ನಾನ ಪಡೆದ ಮಂಗಳೂರಿನ ಸಾರಸ್ವತ ಹುಡುಗ ಆನಂದರಾವ್ ಕೌಂಡಿನ್ಯ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದ್ದನ್ನು ಶಾಲೆಯಲ್ಲಿ ಹೇಳಿಕೊಟ್ಟಿರಲಾರರು.

ಕಿಟ್ಟೆಲ್ಲರು ಬಂದದ್ದು 1853ರಲ್ಲಿ, ಇಪ್ಪತ್ತೊಂದರ ತರುಣ. ಈಗ ನಿನ್ನ ವಯಸ್ಸು ಎಷ್ಟಿದೆಯೋ ಅಷ್ಟೇ. ನಮ್ಮ ಧಾರವಾಡ ಸೀಮೆಯಲ್ಲೇ ಕನ್ನಡ ಕಲಿತರು. ಹಳ್ಳಿಯವರ ಜೊತೆ ನಡೆದಾಡಿ, ಅವರ ಮಾತು ಕೇಳಿ ಬರೆದುಕೊಳ್ಳುವ ಚಾಳಿ. ಹಳಗನ್ನಡ ಕಾವ್ಯ, ವ್ಯಾಕರಣಗಳ ಹುಚ್ಚು ಹತ್ತಿತು. ಮಿಷನ್ನಿನ ಹಿರಿಯರಿಗೆ ಈ ರೀತಿ ರುಚಿಸಲಿಲ್ಲ, ಪಾದ್ರಿಯಾದವನಿಗೆ ಇದೆಲ್ಲ ಯಾಕೆ ಎಂಬ ಅಸಮಾಧಾನವಿತ್ತು. ಕಿಟ್ಟೆಲ್ಲರು ಬಿಡಲಿಲ್ಲ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ, 1894ರಲ್ಲಿ ನಿಘಂಟು. ಸುಮಾರು 70,000 ಶಬ್ದ, 1,700ಕ್ಕೂ ಹೆಚ್ಚು ಪುಟ. ಅಂದು ಅವರ ಮೇಲೆ ಅಧಿಕಾರ ನಡೆಸಿದ ಹಿರಿಯರ ಹೆಸರು ಇಂದು ನಿನಗೆ ಒಂದಾದರೂ ಗೊತ್ತೇ? ನನಗೂ ಗೊತ್ತಿಲ್ಲ.

ಇವರನ್ನೆಲ್ಲ ಪಟ ಮಾಡಿ ಗೋಡೆಗೆ ಹಾಕು ಎನ್ನುತ್ತಿಲ್ಲ. ಮಿಷನರಿಗಳ ಜೀವನಚರಿತ್ರೆ ಬರೆದವರು ಹೆಚ್ಚಾಗಿ ಅವರ ಸ್ನೇಹಿತರೇ, ಸಕ್ಕರೆ ಜಾಸ್ತಿ. ಓದುವಾಗ ಕಣ್ಣು ತೆರೆದಿರಲಿ. ಲೂಥರನನ್ನೇ ತೆಗೆದುಕೋ. ಸ್ಯಾಕ್ಸನಿಯ ಹಳ್ಳಿಗಳನ್ನು ತಿರುಗಿ ನೋಡಿ, ಪಾದ್ರಿಗಳಿಗೇ ಕರ್ತನ ಪ್ರಾರ್ಥನೆ ನೆಟ್ಟಗೆ ಬರುವುದಿಲ್ಲವೆಂದು ಕಂಡು, 1529ರಲ್ಲಿ ಚಿಕ್ಕ ಕ್ಯಾಟಿಕಿಸಂ ಬರೆದವನು ಅವನೇ. ಮಹಾ ಪಂಡಿತ, ಮನೆಮನೆಯ ಮಕ್ಕಳಿಗಾಗಿ ಪ್ರಶ್ನೋತ್ತರ ಬರೆಯುವುದನ್ನು ಕೀಳೆಂದುಕೊಳ್ಳಲಿಲ್ಲ. ಅದೇ ಕೈ 1543ರಲ್ಲಿ ಯೆಹೂದ್ಯರ ಮೇಲೆ ವಿಷ ಕಾರುವ ಪುಸ್ತಕವನ್ನೂ ಬರೆಯಿತು. ಎರಡನ್ನೂ ಓದು. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳುವ ಪ್ರಸಂಗಿಯನ್ನು ನಂಬಬೇಡ, ನೀನೂ ಅಂಥವನಾಗಬೇಡ.

ಇನ್ನೊಂದು ಸಂಗತಿ. 1914ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಪಾದ್ರಿಗಳನ್ನು ಹಿಡಿದು ಅಹ್ಮದ್‌ನಗರದ ಶಿಬಿರಕ್ಕೆ ತಳ್ಳಿತು, ಆಮೇಲೆ ದೇಶ ಬಿಡಿಸಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳು ಕೈಬಿಟ್ಟು ಹೋದವು. ಸಭೆಗಳು ಮಾತ್ರ ಉಳಿದವು. ಉಳಿಸಿದವರು ಯಾರು? ನಮ್ಮ ಉಪದೇಶಿಗಳು, ನಮ್ಮ ಅಯ್ಯನವರು, ಭಾನುವಾರ ಶಾಲೆ ನಡೆಸುತ್ತಿದ್ದ ಬಾಯಿಯವರು. ಅವರ ಮೇಲೆ ಯಾರೂ ಪುಸ್ತಕ ಬರೆಯಲಿಲ್ಲ. ಅವರ ಹೆಸರು ಸಿಗುವುದು ಒಂದೇ ಕಡೆ, ಹಳೆಯ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ, ಕೊನೆಯ ಕಾಲಮ್ಮಿನ ಸಹಿಯಾಗಿ.

ರಿಜಿಸ್ಟರ್ ಅಂದಾಗ ನೆನಪಾಯಿತು, ಇದನ್ನು ಗಟ್ಟಿಯಾಗಿ ಹಿಡಿದುಕೋ. ನಾನು ಒಂದು ಸಭೆಯ ಕಾರ್ಯದರ್ಶಿಯಾಗಿದ್ದಾಗ ಮುದುಕರೊಬ್ಬರು ಮಗಳ ಪಾಸ್‌ಪೋರ್ಟಿಗಾಗಿ ದೀಕ್ಷಾಸ್ನಾನದ ಪ್ರತಿ ಕೇಳಿಕೊಂಡು ಬಂದರು. ಕಪಾಟಿನಿಂದ ಪುಸ್ತಕ ಇಳಿಸಿದೆವು. ಆ ವರ್ಷದ್ದರಲ್ಲಿ ಮಗುವಿನ ಹೆಸರಿತ್ತು, ತಂದೆಯ ಹೆಸರಿತ್ತು, ತಾರೀಖಿನ ಕಾಲಂ ಖಾಲಿ. ಸಹಿಯೂ ಇಲ್ಲ. ಆಗಿದ್ದ ಪಾಸ್ಟರ್ ಒಳ್ಳೆಯ ಮಾತುಗಾರ, ಅವರ ಪ್ರಸಂಗ ಕೇಳಲು ಬೇರೆ ಸಭೆಯವರೂ ಬರುತ್ತಿದ್ದರಂತೆ. ಮುದುಕರು ಆ ಪುಟವನ್ನು ನೋಡುತ್ತ ನಿಂತದ್ದು ನೋಡಲಾಗಲಿಲ್ಲ. ದೀಕ್ಷಾಸ್ನಾನ ಕೊಟ್ಟ ದಿನವೇ, ಕೈ ಒಣಗುವ ಮುಂಚೆ, ಎಲ್ಲ ಕಾಲಂ ತುಂಬಿ ಸಹಿ ಮಾಡು. ಕಾಣಿಕೆಯನ್ನು ಇಬ್ಬರು ಹಿರಿಯರ ಮುಂದೆ ಎಣಿಸಿ, ಅಲ್ಲೇ ಬರೆದು, ಸೋಮವಾರ ಬ್ಯಾಂಕಿಗೆ ಹಾಕಿಸು. ಸಭೆಯ ಜಾಗದ ಕಾಗದಪತ್ರ ನಿನ್ನ ಮನೆಯ ಕಪಾಟಿನಲ್ಲಿ ಒಂದು ರಾತ್ರಿಯೂ ಇರಬಾರದು. ಆಸ್ತಿ, ಕುರ್ಚಿ ಅಂತ ಎರಡು ಗುಂಪಾಗಿ ಕೋರ್ಟಿಗೆ ಅಲೆಯುವ ಸಭೆಗಳು ಎಲ್ಲ ಪಂಗಡದಲ್ಲೂ ಇವೆ, ಲೂಥರನ್ನರಲ್ಲಿ ಇವೆ, ನಮ್ಮಲ್ಲೂ ಇವೆ. ನಿನ್ನನ್ನು ಒಂದು ಗುಂಪಿಗೆ ಎಳೆಯಲು ಜನ ಮೊದಲ ವರ್ಷದಲ್ಲೇ ಬರುತ್ತಾರೆ, ಅದೂ ಊಟಕ್ಕೆ ಕರೆಯುವ ನೆಪದಲ್ಲಿ. ಊಟ ಮಾಡಿ ಬಾ, ಮಾತು ಕೊಟ್ಟು ಬರಬೇಡ.

ಭಾಷೆಯ ವಿಷಯ. ಕಾಲೇಜಿನಲ್ಲಿ ಇಂಗ್ಲಿಷ್ ನಡೆಯುತ್ತದೆ, ಕಾಚಿಗುಡಾದ ಕಡೆ ಬಂದರೆ ಕನ್ನಡವೂ ಸಿಗುತ್ತದೆ, ಆಟೋದವನ ಜೊತೆ ಹಿಂದಿ ಸಾಕು. ಹೀಗಾಗಿ ತೆಲುಗು ಕಲಿಯದೆಯೇ ಮುಗಿಸಿಬಿಡಬಹುದು. ಮುಗಿಸಬೇಡ. ಲೂಥರನ್ ಪಾದ್ರಿ ಬೆಂಜಮಿನ್ ಷುಲ್ಟ್ಸೆ 1728ರಷ್ಟು ಹಿಂದೆಯೇ ಮದ್ರಾಸಿನಲ್ಲಿ ಕೂತು ತೆಲುಗು ವ್ಯಾಕರಣ ಬರೆದರು. ಅದು ಅಚ್ಚಾದದ್ದು 1984ರಲ್ಲಿ. ತಮ್ಮ ಶ್ರಮ ಪುಸ್ತಕವಾಗುವುದನ್ನು ಅವರು ನೋಡಲೇ ಇಲ್ಲ. ನಿನಗೆ ಅಷ್ಟು ಕಷ್ಟವಿಲ್ಲ. ನಿಮ್ಮ ಕಾಲೇಜಿನಿಂದ ಗಾಂಧಿ ಆಸ್ಪತ್ರೆ ದೂರವೇನಲ್ಲ. ವಾರಕ್ಕೊಮ್ಮೆ ಜನರಲ್ ವಾರ್ಡಿಗೆ ಹೋಗು. ಮಹಬೂಬ್‌ನಗರ, ಮೇದಕ್ ಕಡೆಯ ಬಡವರು ಹಾಸಿಗೆಯಲ್ಲಿರುತ್ತಾರೆ, ಹೆಂಡಿರು ಕೆಳಗೆ ಚಾಪೆ ಹಾಸಿಕೊಂಡಿರುತ್ತಾರೆ. ಬೈಬಲ್ ತೆಗೆಯಬೇಡ. ಯಾವ ಊರು, ಊಟ ಆಯಿತೇ, ಔಷಧದ ಚೀಟಿ ಓದಿ ಹೇಳಲೇ ಎಂದು ಕೇಳು. ತಪ್ಪು ತೆಲುಗಿಗೆ ಅವರು ನಗುತ್ತಾರೆ, ತಿದ್ದುತ್ತಾರೆ. ಅವರಾಗಿಯೇ ಪ್ರಾರ್ಥನೆ ಮಾಡಪ್ಪಾ ಎಂದರೆ ಆಗ ಮಾಡು, ಎರಡೇ ಮಾತು, ಅವರ ತೆಲುಗಿನಲ್ಲಿ.

ರಜೆಗೆ ಊರಿಗೆ ಹೋದಾಗ ಒಮ್ಮೆ ಮಂಗಳೂರಿನ ಬಲ್ಮಠಕ್ಕೂ ಹೋಗಿ ಬಾ. ಮೋಗ್ಲಿಂಗರು 1847ರಲ್ಲಿ ಶುರುಮಾಡಿದ ಸೆಮಿನರಿಯೇ ಇಂದಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು. ಅಲ್ಲಿಯ ದಾಖಲೆ ಕೋಣೆಯಲ್ಲಿ ಹಳೆಯ ಬಾಸೆಲ್ ಮಿಷನ್ನಿನ ಪುಸ್ತಕಗಳನ್ನು ನಿನ್ನ ಕೈಯಾರೆ ತಿರುವಿ ನೋಡು.

ಎಲ್ಲಕ್ಕಿಂತ ಮುಖ್ಯವಾದ ಬೇಡಿಕೆ ಒಂದಿದೆ. ಸಭೆಯ ಕೆಲಸ ಕಲಿಯಲು ಹೊರಗೆ ಕಳಿಸುವ ಕಾಲ ಬಂದಾಗ ಎಲ್ಲ ಹುಡುಗರೂ ಸಿಕಂದರಾಬಾದಿನ ದೊಡ್ಡ ಚರ್ಚುಗಳನ್ನೇ ಕೇಳುತ್ತಾರೆ. ಅಲ್ಲಿ ಮೈಕು ಚೆನ್ನಾಗಿರುತ್ತದೆ, ಹಿರಿಯರ ಕಣ್ಣಿಗೂ ಬೀಳಬಹುದು. ನೀನು ಪ್ರಿನ್ಸಿಪಾಲರ ಹತ್ತಿರ ಹೋಗಿ, ಕರೆಂಟು ಹೋಗಿ ಬರುವ ಒಂದು ತೆಲುಗು ಹಳ್ಳಿಯ ಸಭೆ ಕೊಡಿ, ಅಲ್ಲಿಯ ವಯಸ್ಸಾದ ಪಾಸ್ಟರ್ ಕೈಕೆಳಗೆ ಇರುತ್ತೇನೆ ಎಂದು ಕೇಳಿಕೋ. ಬಾಯಿಮಾತಿನಲ್ಲಿ ಹೇಳಿ ಬಿಡಬೇಡ, ಅರ್ಜಿಯನ್ನೇ ಬರೆದು ಕೊಡು.

ಇಂತಿ ನಿನ್ನ ಅಜ್ಜ