ಕವಿಮನೆ ಮತ್ತು ಕೃತಿಯೊಳಗಿನ ಮನೆ

ಕುವೆಂಪು ಬೆಳೆದ ಕುಪ್ಪಳಿಯ ಮನೆ ಇಂದು ವಸ್ತುಸಂಗ್ರಹಾಲಯವಾಗಿದೆ. ಅಲ್ಲಿನ ಜಗುಲಿ, ಅಂಗಳಗಳಲ್ಲಿ ಓದುಗನು ಅವರ ಕೃತಿಗಳ ಮಲೆನಾಡನ್ನು ಗುರುತಿಸುತ್ತಾನೆ. ಬೆಳ್ಮಣ್ ಸಮೀಪದ ನಂದಳಿಕೆಯಲ್ಲಿ ಜನಿಸಿದ ಮುದ್ದಣನ (1870–1901) ಸಂದರ್ಭ ಇದಕ್ಕಿಂತ ಭಿನ್ನವಾದುದು. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪನು ತನ್ನ ಹಳಗನ್ನಡ ಕೃತಿಗಳನ್ನು ಪ್ರಾಚೀನ ರಚನೆಗಳೆಂಬಂತೆ ಮೈಸೂರಿಗೆ ಕಳುಹಿಸಿ, ತನ್ನ ಕರ್ತೃತ್ವವನ್ನೇ ಮರೆಮಾಡಿದನು. ತನ್ನನ್ನು ಹೀಗೆ ಮರೆಸಿಕೊಂಡ ಕವಿಯ ಮನೆಯನ್ನು ಎಲ್ಲಿ ಅರಸಬೇಕು?

ಈ ಪ್ರಶ್ನೆಗೆ ‘ಶ್ರೀರಾಮಾಶ್ವಮೇಧ’ದಲ್ಲಿಯೇ ಉತ್ತರವಿದೆ. ಮಳೆಗಾಲದಲ್ಲಿ ದಣಿದು ಮನೆಗೆ ಬಂದ ಮುದ್ದಣನನ್ನು ಮನೋರಮೆ ಉಪಚರಿಸಿ, ಕಥೆ ಹೇಳುವಂತೆ ಕೇಳುತ್ತಾಳೆ. ನಡುನಡುವೆ ತಡೆದು ಪ್ರಶ್ನಿಸುತ್ತಾಳೆ. ವಸ್ತುಸಂಗ್ರಹಾಲಯವು ಮನೆಯ ವಸ್ತುಗಳನ್ನು ಉಳಿಸಿದರೆ, ಈ ಸಲ್ಲಾಪವು ಮನೆಯ ಮಾತನ್ನು ಉಳಿಸಿದೆ. ಆದ್ದರಿಂದ ನಂದಳಿಕೆಗೆ ಹೋಗುವ ಓದುಗನು ಈ ಕೃತಿಯನ್ನು ಮೊದಲು ಓದಿರುವುದು ಅಗತ್ಯ.